ಕಾಫಿಯ ತವರೂರಿಗೆ ಹೋಗಿ ಬರುವವರಿಗೆ: ಇಥಿಯೋಪಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಇಥಿಯೋಪಿಯಾಕ್ಕೆ ಹೋಗಿ ಬಂದ ದಿನದಿಂದ ನೆಂಟರು, ಪಕ್ಕದ ತೋಟದವರು, ಬೆಂಗಳೂರಿನ ಸ್ನೇಹಿತರು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಲೇ ಇದ್ದಾರೆ. ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಬರೆದು ಇಟ್ಟಿದ್ದೇನೆ.

ಕಾಫಿ ನೋಡೋಕೆ ಅಷ್ಟು ದೂರ ಯಾಕೆ? ಚಿಕ್ಕಮಗಳೂರಲ್ಲೇ ಇದೆಯಲ್ಲ?

ಇದು ನಮ್ಮಪ್ಪ ಕೇಳಿದ ಪ್ರಶ್ನೆ. ಉತ್ತರ ಇಷ್ಟೇ: ನಾವು ನೆಟ್ಟು ಬೆಳೆಸುವ ಅರೇಬಿಕಾ ಜಾತಿಯ ಕಾಫಿ ಅಲ್ಲಿನ ಕಾಡಿನ ಗಿಡ. ನೈರುತ್ಯ ಇಥಿಯೋಪಿಯಾದ ಬೆಟ್ಟದ ಕಾಡುಗಳಲ್ಲಿ ಅದು ತಾನಾಗಿಯೇ ಹುಟ್ಟಿ ಬೆಳೆಯುತ್ತದೆ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮನ್‌ಗೆ ಹೋಯಿತು. ಯೆಮನ್‌ನ ಮೋಖಾ ಬಂದರಿನಿಂದ ಬಾಬಾ ಬುಡನ್ 1670ರ ಸುಮಾರಿಗೆ ಏಳು ಬೀಜ ತಂದು ನಮ್ಮ ಬೆಟ್ಟದಲ್ಲಿ ಹಾಕಿದರು ಎಂಬ ಕಥೆ ನಿಮಗೆ ಗೊತ್ತೇ ಇದೆ. ಅಂದರೆ ನಮ್ಮದು ಮೊಮ್ಮಗನ ಮನೆ, ಅವರದು ಅಜ್ಜಿ ಮನೆ.

ಇನ್ನೊಂದು ನಂಟೂ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತಳಿಗಳಲ್ಲಿ 'ಸೆಲೆಕ್ಷನ್ 4' ಎಂದು ಒಂದಿದೆ. ಅದರೊಳಗಿನ ಬಗೆಗಳ ಹೆಸರು ಅಗಾರೊ, ಚೊಚೆ, ತಫಾರಿಕೆಲಾ. ಚಿಕ್ಕವನಿದ್ದಾಗ ಇವು ಯಾರೋ ವಿಜ್ಞಾನಿಗಳ ಹೆಸರು ಅಂದುಕೊಂಡಿದ್ದೆ. ಜಿಮ್ಮಾ ಪಟ್ಟಣದಿಂದ ಮುಂದೆ ಹೋಗುವಾಗ ರಸ್ತೆ ಪಕ್ಕದ ಬೋರ್ಡಿನಲ್ಲಿ 'ಅಗಾರೊ' ಎಂದು ಓದಿದೆ. ಕಾರು ನಿಲ್ಲಿಸಿ ಇಳಿದು ಫೋಟೊ ತೆಗೆದೆ. ಡ್ರೈವರ್‌ಗೆ ಈ ಮನುಷ್ಯನಿಗೆ ಏನಾಗಿದೆ ಎಂದೇ ಅರ್ಥವಾಗಲಿಲ್ಲ.

ಕುಡಿಯುವುದರಲ್ಲೂ ವ್ಯತ್ಯಾಸವಿದೆ. ನಾವು ಬೆಳೆದ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ಅವರು ಬೆಳೆದದ್ದರಲ್ಲಿ ಸುಮಾರು ಅರ್ಧದಷ್ಟನ್ನು ಅವರೇ ಕುಡಿಯುತ್ತಾರೆ.

ಯಾವ ಕಾಲದಲ್ಲಿ ಹೋಗಬೇಕು?

ಹಣ್ಣು ಕೊಯ್ಲು ನೋಡಬೇಕಾದರೆ ನವೆಂಬರ್, ಡಿಸೆಂಬರ್. ಊರು, ಎತ್ತರ ನೋಡಿಕೊಂಡು ಕೊಯ್ಲು ಅಕ್ಟೋಬರ್‌ನಿಂದ ಜನವರಿವರೆಗೆ ಹಿಂದೆ ಮುಂದೆ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಜೋರು ಮಳೆ, ಹಳ್ಳಿ ರಸ್ತೆಗಳು ಕೆಸರು. ಆಗ ಬೇಡ. ತೋಟ ಇರುವವರಿಗೆ ಒಂದೇ ತೊಂದರೆ, ನಮ್ಮಲ್ಲೂ ಕೊಯ್ಲು ಅದೇ ಹೊತ್ತಿಗೆ. ನಾನು ತಮ್ಮನ ಕೈಗೆ ಕಣ ಒಪ್ಪಿಸಿ ಹೋಗಿದ್ದೆ. ಅದನ್ನು ಅವನು ಇವತ್ತಿಗೂ ಎತ್ತಿ ಆಡುತ್ತಾನೆ.

ವೀಸಾ, ವಿಮಾನ, ಇಂಜೆಕ್ಷನ್?

ಭಾರತದ ಪಾಸ್‌ಪೋರ್ಟ್ ಇದ್ದವರು ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಸರ್ಕಾರದ ವೆಬ್‌ಸೈಟಿನಂತೆಯೇ ಕಾಣುವ ಬೇರೆ ಸೈಟುಗಳು ಜಾಸ್ತಿ ದುಡ್ಡು ಕೀಳುತ್ತವೆ, ನೋಡಿಕೊಂಡು ಹಾಕಿ. ಮುಂಬಯಿ, ದೆಹಲಿಯಿಂದ ರಾಜಧಾನಿ ಅಡಿಸ್ ಅಬಾಬಾಕ್ಕೆ ನೇರ ವಿಮಾನ ಇದೆ. ಮುಂಬಯಿಯಿಂದ ಐದೂವರೆ ಗಂಟೆ ಆಸುಪಾಸು.

ಇಂಜೆಕ್ಷನ್ ವಿಷಯ ಮಾತ್ರ ಸದರ ಮಾಡಬೇಡಿ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಕಾರ್ಡ್ ಇಲ್ಲದೆ ಇಥಿಯೋಪಿಯಾದಿಂದ ವಾಪಸ್ ಬಂದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ನಿಮ್ಮನ್ನು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಹೋಗುವಾಗಲ್ಲ, ಬರುವಾಗ! ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡು ಹತ್ತು ದಿನ ಆದ ಮೇಲೆ ಕಾರ್ಡ್ ಊರ್ಜಿತವಾಗುತ್ತದೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಟಿಕೆಟ್ ಬುಕ್ ಮಾಡಿದ ವಾರವೇ ಈ ಕೆಲಸ ಮುಗಿಸಿಬಿಡಿ.

ಅಲ್ಲಿ ಗಲಾಟೆ ಇದೆಯಂತೆ, ಹೋಗಬಹುದಾ?

ಸುಮ್ನೆ "ಏನೂ ಆಗಲ್ಲ ಹೋಗಿ" ಎಂದು ನಾನು ಹೇಳುವುದಿಲ್ಲ. ಉತ್ತರದ ಟಿಗ್ರಾಯ್ ಪ್ರಾಂತ್ಯದ ಯುದ್ಧ 2022ರ ನವೆಂಬರ್‌ನಲ್ಲಿ ಒಪ್ಪಂದದೊಂದಿಗೆ ನಿಂತಿತು. 2023ರಲ್ಲಿ ಅಮ್ಹಾರಾ ಭಾಗದಲ್ಲಿ ಹೊಸ ಸಂಘರ್ಷ ಶುರುವಾಯಿತು. ಅಡಿಸ್ ಸುತ್ತಲಿನ ಒರೊಮಿಯಾ ಪ್ರಾಂತ್ಯದ ಕೆಲವು ಕಡೆಯೂ ನೆಮ್ಮದಿ ಇಲ್ಲ. ಕಾಫಿ ಸೀಮೆಗೆ ಹೋಗುವ ರಸ್ತೆಗಳು ಒರೊಮಿಯಾ ದಾಟಿಯೇ ಹೋಗಬೇಕು. ಹೊರಡುವ ಮುಂಚೆ ಅಡಿಸ್‌ನಲ್ಲಿರುವ ಭಾರತದ ರಾಯಭಾರ ಕಚೇರಿಯ ಸೂಚನೆ ಓದಿ. ಅಲ್ಲಿನವರೇ ಆದ ಗೈಡ್ ಅಥವಾ ಡ್ರೈವರ್ ಜೊತೆ ಹೋಗಿ. ಕತ್ತಲಾದ ಮೇಲೆ ಊರಿಂದೂರಿಗೆ ಪ್ರಯಾಣ ಮಾಡಬೇಡಿ. ಡ್ರೈವರ್ "ಇವತ್ತು ಆ ದಾರಿ ಬೇಡ" ಎಂದರೆ ವಾದ ಮಾಡಬೇಡಿ. ವಿಮಾನ ಇರುವ ಕಡೆ ವಿಮಾನದಲ್ಲೇ ಹೋಗುವುದು ವಾಸಿ. ಹವಾಸಾ, ಜಿಮ್ಮಾ, ಡಿರೆ ದಾವಾ ಮೂರಕ್ಕೂ ಅಡಿಸ್‌ನಿಂದ ವಿಮಾನ ಉಂಟು.

ಎಸ್ಟೇಟ್ ಹೋಮ್‌ಸ್ಟೇ ಸಿಗುತ್ತಾ?

ಈ ಪ್ರಶ್ನೆ ಕೇಳದವರೇ ಇಲ್ಲ. ನಮ್ಮ ತಲೆಯಲ್ಲಿ ಕಾಫಿ ಎಂದರೆ ಗೇಟು, ಬಂಗಲೆ, ರೈಟರು, ಲೈನ್ ಮನೆ, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ. ಆ ಚಿತ್ರವನ್ನು ಮನೆಯಲ್ಲೇ ಬಿಟ್ಟು ಹೋಗಿ. ದೊಡ್ಡ ತೋಟಗಳು ಅಲ್ಲಿ ಇಲ್ಲವೆಂದಲ್ಲ. ಆದರೆ ಕಾಫಿಯ ಬಹುಪಾಲು ಬರುವುದು ಸಣ್ಣ ರೈತರ ಹಿತ್ತಲಿನಿಂದ. ಮನೆ ಸುತ್ತ ಒಂದಿಷ್ಟು ಕಾಫಿ ಗಿಡ, ನಡುವೆ ಎನ್ಸೆಟ್. ಇದು ನೋಡಲು ಥೇಟ್ ಬಾಳೆ ಗಿಡ, ಆದರೆ ಹಣ್ಣು ತಿನ್ನುವುದಕ್ಕಲ್ಲ. ಅದರ ದಿಂಡು, ಗಡ್ಡೆಯನ್ನು ಹೆರೆದು, ಮಣ್ಣಿನಲ್ಲಿ ಹೂತು ಹುಳಿ ಬರಿಸಿ, 'ಕೊಚೊ' ಎಂಬ ರೊಟ್ಟಿ ಮಾಡುತ್ತಾರೆ. ಮೇಲೆ ದೊಡ್ಡ ಕಾಡು ಮರಗಳ ನೆರಳು. ಗೊಬ್ಬರದ ಚೀಲ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಗಿಡಗಳು ಆಳೆತ್ತರಕ್ಕೂ ಮೇಲೆ ಹೋಗಿರುತ್ತವೆ. ಕೊಂಬೆ ಸವರದೆ ಬಿಟ್ಟ ಗಿಡ ನೋಡಿ ನನ್ನ ಕೈ ತುರಿಸುತ್ತಿತ್ತು.

ಹಾಗಾದರೆ ನೋಡಲು ಹೋಗುವುದು ಎಲ್ಲಿಗೆ? ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ ನಡೆಯುವ ಜಾಗಕ್ಕೆ. ಅದನ್ನು ಅವರು ವಾಷಿಂಗ್ ಸ್ಟೇಷನ್ ಎನ್ನುತ್ತಾರೆ. ನೂರಾರು ರೈತರು ತಮ್ಮ ಹಣ್ಣನ್ನು ಅಲ್ಲಿಗೆ ತಂದು ತೂಗಿ ಕೊಡುತ್ತಾರೆ. ಬೆಳಗ್ಗೆ ಹೋದರೆ ಕಾಫಿ ಒಣಗಿಸುವ ಮಂಚಗಳು ಮಾತ್ರ ಕಾಣುತ್ತವೆ. ಸಂಜೆ ಹೋಗಿ. ಹೆಗಲ ಮೇಲೆ, ಕತ್ತೆ ಮೇಲೆ ಮೂಟೆಗಳು ಬರುವುದು ಆಗಲೇ. ಕತ್ತಲಾದ ಮೇಲೆ ಪಲ್ಪರ್ ಸದ್ದು ಶುರುವಾಗುತ್ತದೆ, ಆ ಸಿಹಿ ಹುಳಿ ವಾಸನೆ ಏಳುತ್ತದೆ. ಕಣ್ಣು ಮುಚ್ಚಿದರೆ ನಮ್ಮ ಮನೆಯೇ.

ಒಣಗಿಸುವುದು ಮಾತ್ರ ಬೇರೆ. ನಮ್ಮ ಹಾಗೆ ನೆಲದ ಕಣ ಅಲ್ಲ. ಸೊಂಟದೆತ್ತರಕ್ಕೆ ಕಟ್ಟಿದ ಉದ್ದ ಮಂಚಗಳ ಮೇಲೆ ಬಲೆ ಹಾಸಿ ಹರವುತ್ತಾರೆ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಎರಡೂ ಬದಿಯಲ್ಲಿ ಹೆಂಗಸರು ನಿಂತು, ಹಾಡು ಹೇಳುತ್ತಾ, ಕೆಟ್ಟ ಕಾಳನ್ನು ಆರಿಸಿ ಎಸೆಯುತ್ತಾರೆ. ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಆಗಲಿ, ಹಣ್ಣಿನ ಸಮೇತ ಒಣಗಿಸುವ ಚೆರಿ ಆಗಲಿ, ಅಷ್ಟೇ ಜೋಪಾನ. ನಮ್ಮಲ್ಲಿ ಚೆರಿ ಎಂದರೆ ಸ್ವಲ್ಪ ಅಸಡ್ಡೆ ಇದೆ ಅಲ್ವಾ? ಅಲ್ಲಿ ಒಳ್ಳೆಯ ಚೆರಿಗೆ ರಾಜಮರ್ಯಾದೆ.

ಮಲಗಲು ಪಟ್ಟಣದ ಲಾಡ್ಜ್ ಹಿಡಿಯಿರಿ. ಬಿಸಿನೀರು, ಕರೆಂಟು ಎರಡೂ ಬಂದರೆ ಬಂತು.

ಒಂದೇ ಪ್ರವಾಸದಲ್ಲಿ ಎಲ್ಲಾ ಕಾಫಿ ಸೀಮೆ ಮುಗಿಸಬಹುದಾ?

ಬೇಡ. ಒಂದನ್ನು ಆರಿಸಿಕೊಳ್ಳಿ.

ಕಾಫಿ ರುಚಿಯ ಹುಚ್ಚು ಇರುವವರು ದಕ್ಷಿಣಕ್ಕೆ, ಯಿರ್ಗಾಚೆಫೆಗೆ ಹೋಗಲಿ. ಅಡಿಸ್‌ನಿಂದ ಸುಮಾರು 400 ಕಿಲೋಮೀಟರ್. ನಡುವೆ ಹವಾಸಾ ಕೆರೆಯ ಹತ್ತಿರ ಒಂದು ರಾತ್ರಿ ತಂಗಬಹುದು. ಅಲ್ಲಿಂದ ಸಿದಾಮಾ ದಾಟಿದರೆ ಡಿಲ್ಲಾದಿಂದ ಗೆಡಿಯೊ ಜನರ ಸೀಮೆ ಶುರು. ಬೆಟ್ಟದ ಇಳಿಜಾರಿನಲ್ಲಿ ಮರ, ಎನ್ಸೆಟ್, ಕಾಫಿ ಮೂರನ್ನೂ ಒಟ್ಟಿಗೆ ಬೆಳೆಸುವ ಅವರ ಪದ್ಧತಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಇಲ್ಲಿನ ಕಾಫಿಯಲ್ಲಿ ಮಲ್ಲಿಗೆ, ನಿಂಬೆಯ ಘಮ ಇರುತ್ತದೆ. ಚಿಕೋರಿ ಬೆರೆಸಿದ ಡಿಕಾಕ್ಷನ್‌ಗೆ ಒಗ್ಗಿದ ನಾಲಿಗೆಗೆ ಮೊದಲ ಗುಟುಕಲ್ಲಿ "ಇದು ಕಾಫಿನಾ ಟೀನಾ?" ಅನಿಸಬಹುದು. ಎರಡು ದಿನ ಕೊಡಿ.

ಕಾಡು ನೋಡಬೇಕು ಎನ್ನುವವರಿಗೆ ನೈರುತ್ಯ. ಜಿಮ್ಮಾದವರೆಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಕಾಫಾ ಸೀಮೆಯ ಬೊಂಗಾ. ಕಾಫಾ ಕಾಡು 2010ರಿಂದ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ಕಾಡಿನೊಳಗೆ ದೊಡ್ಡ ಮರಗಳ ಬುಡದಲ್ಲಿ, ಯಾರೂ ನೆಡದ ಕಾಫಿ ಗಿಡ ಬಡಕಲಾಗಿ ನಿಂತಿರುತ್ತದೆ, ಅಲ್ಲೊಂದು ಇಲ್ಲೊಂದು ಹಣ್ಣು. ತೋಟದ ಲೆಕ್ಕದಲ್ಲಿ ಪ್ರಯೋಜನವಿಲ್ಲದ ಗಿಡ. ಆದರೂ ನಾನು ಅಲ್ಲಿ ಹೆಚ್ಚು ಹೊತ್ತು ನಿಂತೆ. ಮರದ ಕೊಂಬೆಗಳಲ್ಲಿ ಜೇನಿನ ಪೆಟ್ಟಿಗೆಗಳನ್ನು ನೇತು ಹಾಕಿರುತ್ತಾರೆ, ಜೇನು ತಪ್ಪದೆ ತಿನ್ನಿ. ಬೊಂಗಾದಲ್ಲಿ ರಾಷ್ಟ್ರೀಯ ಕಾಫಿ ಮ್ಯೂಸಿಯಂ ಇದೆ. ಬಾಗಿಲು ತೆಗೆದಿದೆಯಾ ಎಂದು ಗೈಡ್ ಹತ್ತಿರ ಮೊದಲೇ ಕೇಳಿಸಿ. ಕಾಫಿ ಹುಟ್ಟಿದ್ದು ನಮ್ಮಲ್ಲೇ ಎಂದು ಕಾಫಾದವರು ಹೇಳುತ್ತಾರೆ. ಅಲ್ಲ, ನಮ್ಮ ಚೊಚೆ ಹಳ್ಳಿಯಲ್ಲಿ ಎಂದು ಜಿಮ್ಮಾ ಕಡೆಯವರು. ನೀವು ನಡುವೆ ಬಾಯಿ ಹಾಕಬೇಡಿ.

ಪೂರ್ವಕ್ಕೆ ಹರಾರ್. ಕೋಟೆ ಗೋಡೆಯ ಹಳೇ ಪಟ್ಟಣ, ರಾತ್ರಿ ಊರ ಹೊರಗೆ ಕತ್ತೆಕಿರುಬಗಳಿಗೆ ಮಾಂಸ ತಿನ್ನಿಸುವ ಜನ. ಅಲ್ಲಿ ಕಾಫಿ ಎಲೆಯನ್ನೇ ಹುರಿದು ಕುದಿಸಿ 'ಕುಟಿ' ಎಂಬ ಕಷಾಯ ಮಾಡುತ್ತಾರೆ. ಊರು ಚೆಂದ, ಆದರೆ ಕಾಫಿ ಹೊಲ ನೋಡಲು ಹೋದರೆ ನಿರಾಸೆ ಆಗಬಹುದು. ಬಹಳ ಕಡೆ ರೈತರು ಕಾಫಿ ಕಿತ್ತು ಚಾಟ್ ಎಂಬ ಜಗಿಯುವ ಎಲೆಯ ಗಿಡ ಹಾಕಿದ್ದಾರೆ. ಅದರಲ್ಲಿ ಕಾಸು ಬೇಗ ಸಿಗುತ್ತದೆ.

ಅವರ ಕಾಫಿ ಶಾಸ್ತ್ರ ಅಂದರೆ ಏನು? ಪ್ರವಾಸಿಗರಿಗೋಸ್ಕರ ಮಾಡುವ ನಾಟಕವಾ?

ಹೋಟೆಲಿನ ಲಾಬಿಯಲ್ಲಿ ಮಾಡುವುದು ಅರ್ಧ ನಾಟಕವೇ. ಮನೆಗಳಲ್ಲಿ ನಡೆಯುವುದು ಅಲ್ಲ. ಅಲ್ಲಿ ಅದು ದಿನದ ಕೆಲಸ. ಕೆಲವು ಮನೆಗಳಲ್ಲಿ ದಿನಕ್ಕೆ ಎರಡು ಮೂರು ಸಲವೂ ನಡೆಯುತ್ತದೆ. ಕಾಫಿಗೆ ಅವರ ಮಾತಿನಲ್ಲಿ 'ಬುನಾ'. "ಬುನಾ ದಾಬೊ ನೌ" ಎಂಬ ಮಾತಿದೆ, ಕಾಫಿಯೇ ನಮ್ಮ ರೊಟ್ಟಿ ಎಂದು.

ಯಿರ್ಗಾಚೆಫೆ ಹತ್ತಿರ ನಮ್ಮ ಡ್ರೈವರ್‌ನ ಅಕ್ಕನ ಮನೆಗೆ ಹೋಗಿದ್ದೆವು. ಆಕೆ ಮೊದಲು ನೆಲಕ್ಕೆ ಹಸಿ ಹುಲ್ಲು ಹಾಸಿದರು. ಕೆಂಡದ ಮೇಲೆ ಧೂಪ ಹಾಕಿದರು. ಹಸಿರು ಕಾಫಿ ಬೀಜವನ್ನು ತೊಳೆದು, ಕಬ್ಬಿಣದ ಚಪ್ಪಟೆ ಬಾಣಲೆಯಲ್ಲಿ ನಿಧಾನ ಹುರಿದರು. ಬೀಜ ಚಟಪಟ ಎಂದು ಹೊಗೆ ಎದ್ದಾಗ ಬಾಣಲೆಯನ್ನು ಒಬ್ಬೊಬ್ಬರ ಮುಂದೆ ಹಿಡಿದರು. ನಾನು ಏನೋ ತಿನ್ನಲು ಕೊಡುತ್ತಿದ್ದಾರೆ ಅಂದುಕೊಂಡು ಕೈ ಚಾಚಿದೆ, ಎಲ್ಲರೂ ನಕ್ಕರು. ಹೊಗೆಯನ್ನು ಕೈಯಿಂದ ಮುಖದ ಕಡೆ ಎಳೆದುಕೊಂಡು ಮೂಸಬೇಕು. ನಾವು ಮಂಗಳಾರತಿ ತೆಗೆದುಕೊಳ್ಳುವ ಹಾಗೆಯೇ! ಆಮೇಲೆ ಮರದ ಒರಳಲ್ಲಿ ಕುಟ್ಟಿ, 'ಜೆಬೆನಾ' ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ನೀರಿನ ಜೊತೆ ಕುದಿಸಿದರು. ಹಿಡಿ ಇಲ್ಲದ ಪುಟ್ಟ ಬಟ್ಟಲುಗಳಿಗೆ ಮೇಲಿನಿಂದ ಸಣ್ಣ ಧಾರೆಯಾಗಿ ಹೊಯ್ದರು. ಒಂದು ಹನಿ ಹೊರಗೆ ಬೀಳಲಿಲ್ಲ.

ಸಕ್ಕರೆ ಹಾಕುತ್ತಾರೆ. ಕೆಲವು ಹಳ್ಳಿಗಳಲ್ಲಿ ಉಪ್ಪು, ಕೆಲವು ಕಡೆ ಬೆಣ್ಣೆ. 'ತೆನಾ ಆದಾಂ' ಎಂಬ ಗಿಡದ ಒಂದು ಎಸಳನ್ನು ಬಟ್ಟಲಿಗೆ ಅದ್ದಿ ಕೊಡುವುದೂ ಉಂಟು. ಅದು ನಮ್ಮ ನಾಗದಾಳಿ ಸೊಪ್ಪಿನ ಜಾತಿಯದು, ಕಟು ವಾಸನೆ. ನನಗೆ ಉಪ್ಪಿನ ಕಾಫಿ ಇಳಿಯಲಿಲ್ಲ, ಈ ಸೊಪ್ಪಿನ ಕಾಫಿ ಬಹಳ ಹಿಡಿಸಿತು. ಜೊತೆಗೆ ನಂಚಿಕೊಳ್ಳಲು ಮೆಕ್ಕೆಜೋಳದ ಅರಳು, ಇಲ್ಲವೆ 'ಕೊಲೊ' ಎಂಬ ಹುರಿದ ಬಾರ್ಲಿ.

ಎಷ್ಟು ಹೊತ್ತು ಹಿಡಿಯುತ್ತದೆ? ಒಂದು ಬಟ್ಟಲು ಕುಡಿದು ಎದ್ದರೆ ತಪ್ಪಾ?

ಒಂದೂವರೆ, ಎರಡು ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ. ಮೂರು ಸುತ್ತು ಇರುತ್ತದೆ: ಅಬೊಲ್, ತೊನಾ, ಬರಕಾ. ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸುವುದರಿಂದ ಸುತ್ತು ಸುತ್ತಿಗೂ ತೆಳ್ಳಗಾಗುತ್ತದೆ. ಬರಕಾ ಎಂದರೆ ಆಶೀರ್ವಾದ. ಅದನ್ನು ಬಿಟ್ಟು ಏಳುವುದು ಎಂದರೆ ಊಟದ ಎಲೆಯಲ್ಲಿ ಮಜ್ಜಿಗೆ ಅನ್ನಕ್ಕೆ ಮೊದಲೇ ಎದ್ದ ಹಾಗೆ.

ನನ್ನ ಅನುಭವ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಎಲ್ಲರೂ ಸಂಕೋಚದಲ್ಲಿ ಇದ್ದರು. ಎರಡನೆಯದಕ್ಕೆ ಮಾತು ಶುರುವಾಯಿತು, ಅವರ ಮಳೆ, ನಮ್ಮ ಮಳೆ. ಮೂರನೆಯದಕ್ಕೆ ಆಕೆ ಹಣ್ಣಿಗೆ ಎಷ್ಟು ರೇಟು ಸಿಕ್ಕಿತು, ಮಗನ ಫೀಸಿಗೆ ಎಷ್ಟು ಹೋಯಿತು ಎಂದೆಲ್ಲಾ ಹೇಳಿಕೊಂಡರು. ಬೆಳಗ್ಗೆ ಗೈಡ್ ಕೊಟ್ಟ ಒಂದು ಗಂಟೆಯ ವಿವರಣೆಯಲ್ಲಿ ಸಿಗದ ವಿಷಯ ಆ ತೆಳ್ಳನೆಯ ಬಟ್ಟಲಿನ ಹೊತ್ತಿಗೆ ಸಿಕ್ಕಿತು. ಹಾಗಾಗಿ ದಿನಕ್ಕೆ ನಾಲ್ಕು ಜಾಗ ತೋರಿಸುವ ಪ್ಯಾಕೇಜ್ ಯಾರಾದರೂ ಕೊಟ್ಟರೆ ಎರಡು ಜಾಗ ಕಡಿಮೆ ಮಾಡಿಸಿ.

ಹಾಲು ಹಾಕಿದ ಕಾಫಿ ಸಿಗಲ್ವಾ?

ಪಟ್ಟಣಗಳಲ್ಲಿ ಧಾರಾಳವಾಗಿ ಸಿಗುತ್ತದೆ. 1936ರಿಂದ 1941ರವರೆಗೆ ಇಟಲಿಯವರು ಆ ದೇಶವನ್ನು ಆಕ್ರಮಿಸಿದ್ದರು. ಅವರನ್ನು ಓಡಿಸಿದರು, ಎಸ್ಪ್ರೆಸೊ ಮಷೀನನ್ನು ಇಟ್ಟುಕೊಂಡರು. ಅಡಿಸ್‌ನಲ್ಲಿ 'ಮಕಿಯಾಟೊ' ಎಂದರೆ ಸಣ್ಣ ಗಾಜಿನ ಲೋಟದಲ್ಲಿ ಗಟ್ಟಿ ಕಾಫಿ, ಮೇಲೆ ನೊರೆ ಹಾಲು. ನಮ್ಮ ಬೈ-ಟು ಗಾತ್ರ. 1953ರಲ್ಲಿ ಶುರುವಾದ ಟೊಮೊಕಾದಲ್ಲಿ ಎತ್ತರದ ಮೇಜುಗಳ ಸುತ್ತ ನಿಂತೇ ಕುಡಿಯುತ್ತಾರೆ, ನಮ್ಮ ದರ್ಶಿನಿಗಳ ಹಾಗೆ. 'ಸ್ಪ್ರಿಸ್' ಕೇಳಿದರೆ ಅರ್ಧ ಟೀ, ಅರ್ಧ ಕಾಫಿ ಬೆರೆಸಿ ಕೊಡುತ್ತಾರೆ. ನಮ್ಮಮ್ಮನಿಗೆ ಹೇಳಿದಾಗ "ಪಾಪ, ಏನು ಕಷ್ಟವೋ" ಎಂದರು.

ಸಸ್ಯಾಹಾರಿಗಳ ಗತಿ?

ಆಫ್ರಿಕಾ ಎಂದರೆ ಚಕ್ಕುಲಿ ಡಬ್ಬಿ ಹೊತ್ತು ಹೋಗುವವರು ಇದನ್ನು ಓದಿ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಾರೆ. ಈಸ್ಟರ್‌ಗೆ ಮುಂಚೆ ಸತತ 55 ದಿನ. ಉಪವಾಸ ಎಂದರೆ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು ಬೆಣ್ಣೆಯೂ ಇಲ್ಲ. ಆದ್ದರಿಂದ "ತ್ಸೋಮ್ ಬೆಯಾಯ್ನೆತು" ಎಂದು ಕೇಳಿ. ಇಂಜೆರಾ ಮೇಲೆ ಐದಾರು ಬಗೆಯ ಪಲ್ಯ, ಬೇಳೆ ಗೊಜ್ಜು, ಕಡಲೆ ಹಿಟ್ಟಿನ 'ಶಿರೊ' ಬರುತ್ತದೆ. ಇಂಜೆರಾ ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ದೊಡ್ಡ ದೋಸೆ. ಹುಳಿ ಮಾತ್ರ ನಮ್ಮದಕ್ಕಿಂತ ಜಾಸ್ತಿ. ಬಲಗೈಯಲ್ಲೇ ತಿನ್ನಬೇಕು. ಅದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಅಲ್ಲಿನ ಗಡಿಯಾರ ಬೇರೆಯಂತೆ, ನಿಜವಾ?

ನಿಜ, ನಾನು ಏಟು ತಿಂದಿದ್ದೇನೆ. ಅವರ ದಿನ ಸೂರ್ಯ ಹುಟ್ಟಿದಾಗ ಶುರು. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ನಮ್ಮ ಪಂಚಾಂಗದಲ್ಲೂ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದರು ಅಲ್ವಾ, ಹಾಗೆ. ಒಂದು ವಾಷಿಂಗ್ ಸ್ಟೇಷನ್‌ನಲ್ಲಿ "ಹತ್ತು ಗಂಟೆಗೆ ಬನ್ನಿ" ಎಂದರು. ನಾನು ಬೆಳಗ್ಗೆ ಹತ್ತಕ್ಕೆ ಹೋದೆ. ಕಾವಲುಗಾರ ಮಾತ್ರ ಇದ್ದ. ಅವರು ಹೇಳಿದ್ದು ನಮ್ಮ ಸಂಜೆ ನಾಲ್ಕು. ಆರು ಗಂಟೆ ಕಾಯುವ ತಾಳ್ಮೆ ಇಲ್ಲದೆ ವಾಪಸ್ ಬಂದೆ, ಅವತ್ತಿನ ಹಣ್ಣು ತಪ್ಪಿತು. ಸಮಯ ಹೇಳಿದಾಗಲೆಲ್ಲ "ನಿಮ್ಮ ಗಂಟೆಯಾ, ವಿದೇಶಿ ಗಂಟೆಯಾ?" ಎಂದು ಕೇಳಿಬಿಡಿ. ಅವರ ವರ್ಷವೂ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ, ತಿಂಗಳು ಹದಿಮೂರು. ರಸೀದಿ ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ.

ಮೇಕೆ ಕಾಯುವ ಕಾಲ್ದಿಯ ಕಥೆ ನಿಜವಾ?

ಮೇಕೆಗಳು ಕೆಂಪು ಹಣ್ಣು ತಿಂದು ಕುಣಿದವು, ಅದನ್ನು ನೋಡಿ ಕಾಫಿ ಕಂಡುಹಿಡಿದರು ಎಂಬ ಕಥೆ ಬರಹದಲ್ಲಿ ಸಿಗುವುದು 1671ರಲ್ಲಿ, ಅದೂ ರೋಮ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ. ಕಾಲ್ದಿ ಎಂಬ ಹೆಸರು ಆಮೇಲೆ ಸೇರಿಕೊಂಡದ್ದು. ನನಗೆ ಇದಕ್ಕಿಂತ ಒರೊಮೊ ಜನರ 'ಬುನಾ ಕಲಾ' ಹೆಚ್ಚು ಕುತೂಹಲ ಹುಟ್ಟಿಸಿತು. ಒಣಗಿದ ಇಡೀ ಕಾಫಿ ಹಣ್ಣನ್ನು ಬೆಣ್ಣೆಯಲ್ಲಿ ಹುರಿದು ತಿನ್ನುತ್ತಾರೆ. ಕಾಫಿಯನ್ನು ಕುಡಿಯುವುದಲ್ಲ, ತಿನ್ನುವುದು.

ಮನೆಗೆ ಕರೆದು ಕಾಫಿ ಕೊಟ್ಟರೆ ದುಡ್ಡು ಕೊಡಬೇಕಾ?

ಗೈಡ್ ಮೂಲಕ ಗೊತ್ತು ಮಾಡಿದ ಮನೆಯಾದರೆ ಎಷ್ಟು ಎಂದು ಗೈಡ್ ಹತ್ತಿರ ಮೊದಲೇ ಕೇಳಿ. ಪ್ರೀತಿಯಿಂದ ಕರೆದ ಮನೆಯಲ್ಲಿ ನೋಟು ಚಾಚಬೇಡಿ. ಒಂದು ಕಿಲೋ ಸಕ್ಕರೆಯೋ, ಹಸಿ ಕಾಫಿ ಬೀಜವೋ ತೆಗೆದುಕೊಂಡು ಹೋಗಿ, ಸಂತೆಯಲ್ಲಿ ಸಿಗುತ್ತದೆ. ನಾನು ಊರಿಂದ ನಮ್ಮ ತೋಟದ ಹುರಿದ ಕಾಫಿ ಪುಡಿ ಒಯ್ದಿದ್ದೆ. ಡ್ರೈವರ್‌ನ ಅಕ್ಕ ಮೂಸಿ ನೋಡಿ, ಅದರಲ್ಲಿ ಬೇರೆ ಏನೋ ಇದೆಯಲ್ಲ ಎಂದರು. ಇಪ್ಪತ್ತು ಪರ್ಸೆಂಟ್ ಚಿಕೋರಿ ಇತ್ತು. ನಾಚಿಕೆಯಾಯಿತು.

ಬರುವಾಗ ಏನು ತರಬಹುದು?

ಹುರಿದ ಕಾಫಿ ತನ್ನಿ. ಎಷ್ಟು ಕಿಲೋ ಬಿಡುತ್ತಾರೆ ಎಂದು ಅಂಗಡಿಯವರನ್ನೇ ಕೇಳಿ, ಬಿಲ್ ಇಟ್ಟುಕೊಳ್ಳಿ. ಹಸಿ ಬೀಜ, ಗಿಡ, ಹಣ್ಣು ತರಬೇಡಿ. ಸಸ್ಯ ರೋಗ ತಡೆಯುವ ಕಾನೂನಿನಂತೆ ಪರವಾನಗಿ ಇಲ್ಲದೆ ಅವು ಒಳಗೆ ಬರುವಂತಿಲ್ಲ. ಬಾಬಾ ಬುಡನ್ ತಂದರಲ್ಲ ಎಂದು ಕೆಲವರು ತಮಾಷೆ ಮಾಡುತ್ತಾರೆ. ಆದರೆ ಆಫ್ರಿಕಾದಲ್ಲಿ ಕಾಫಿ ಕಾಯಿಯನ್ನೇ ಕೊಳೆಸುವ ಒಂದು ಶಿಲೀಂಧ್ರ ರೋಗ ಇದೆ. 1971ರಲ್ಲಿ ಅದು ಇಥಿಯೋಪಿಯಾಕ್ಕೂ ಕಾಲಿಟ್ಟು ಬಹಳ ನಷ್ಟ ಮಾಡಿತು. ಅಲ್ಲಿನ ತೋಟಗಳಲ್ಲಿ ಕೇಳಿಬರುವ 74110, 74112 ಎಂಬ ತಳಿಗಳು 1974ರಲ್ಲಿ ಆ ರೋಗ ತಡೆಯುವ ಗಿಡಗಳನ್ನು ಹುಡುಕಿ ಆರಿಸಿದವು. ಆ ರೋಗ ನಮ್ಮ ಬೆಟ್ಟಕ್ಕೆ ಬರುವುದು ಬೇಡ. ನಾನು ಬಂದ ಮೇಲೆ ಬೂಟು ಚೆನ್ನಾಗಿ ತೊಳೆದೇ ತೋಟಕ್ಕೆ ಇಳಿದೆ.

ಜೆಬೆನಾ ಒಂದು ತನ್ನಿ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ. ದೊಡ್ಡ ಬ್ಯಾಗಿಗೆ ಹಾಕಿದ ನನ್ನ ಮೊದಲ ಜೆಬೆನಾ ಮುಂಬಯಿಯಲ್ಲಿ ಮೂರು ಚೂರಾಗಿ ಇಳಿಯಿತು. ಎರಡನೆಯದು ಅಡುಗೆಮನೆಯಲ್ಲಿ ಫಿಲ್ಟರ್ ಪಕ್ಕದಲ್ಲಿ ಇದೆ. ಹೊಸ ಮಣ್ಣಿನ ಮಡಕೆ ಪಳಗಿಸುವ ಹಾಗೆ ಇದನ್ನೂ ಪಳಗಿಸಬೇಕು. ಮೊದಲ ಎರಡು ಮೂರು ಸಲ ಹಳೇ ಕಾಫಿ ಪುಡಿ ಹಾಕಿ ಕುದಿಸಿ ಚೆಲ್ಲಿ.